ಅಮೆರಿಕದಲ್ಲಿ ಮಕ್ಕಳ ತಜ್ಞವೈದ್ಯರ ತರಬೇತಿಯ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಕ್ಕಳ ತಜ್ಞವೈದ್ಯರ ತರಬೇತಿಯು 20ನೆಯ ಶತಮಾನದ ಮೊದಲಾರ್ಧದಲ್ಲಿ ವ್ಯವಸ್ಥಿತ ರೂಪ ಪಡೆಯಿತು. ವೈದ್ಯ ಪದವೀಧರರು ಆಸ್ಪತ್ರೆಯಲ್ಲಿಯೇ ವಾಸವಾಗಿದ್ದು, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ಆರೈಕೆ ಮಾಡುತ್ತ ಕಲಿಯುವುದು ಇದರ ಮುಖ್ಯ ಲಕ್ಷಣವಾಗಿತ್ತು. ಅವರಿಗೆ 'ರೆಸಿಡೆಂಟ್', ಅಂದರೆ ನಿವಾಸಿ ವೈದ್ಯ, ಎಂಬ ಹೆಸರು ಬಂದುದು ಈ ವಾಸದಿಂದಲೇ.

ಹಿನ್ನೆಲೆ

ದೇಶದ ಮೊದಲ ಮಕ್ಕಳ ಆಸ್ಪತ್ರೆಯು 1855ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಆರಂಭವಾಯಿತು. ಜರ್ಮನಿಯಿಂದ ವಲಸೆ ಬಂದ ಅಬ್ರಹಾಂ ಜಕೋಬಿ 1860ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ರೋಗಗಳ ಪ್ರಾಧ್ಯಾಪಕರಾದರು. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ನಿವಾಸಿ ವೈದ್ಯರ ಪದ್ಧತಿಗೆ ಮಾದರಿಯಾಯಿತು. ತಜ್ಞರ ಅರ್ಹತೆಯನ್ನು ಪರೀಕ್ಷೆಯ ಮೂಲಕ ನಿರ್ಧರಿಸುವ ಅಮೆರಿಕನ್ ಬೋರ್ಡ್ ಆಫ್ ಪೀಡಿಯಾಟ್ರಿಕ್ಸ್ ಸ್ಥಾಪನೆಯಾದುದು 1933ರಲ್ಲಿ.

ದಿನಚರಿ

ಸಾಮಾನ್ಯವಾಗಿ ಒಂದು ವರ್ಷದ ಇಂಟರ್ನ್‌ಶಿಪ್ ಮುಗಿದ ಬಳಿಕ ಮಕ್ಕಳ ವಿಭಾಗದ ತರಬೇತಿ ಆರಂಭವಾಗುತ್ತಿತ್ತು. ಊಟ, ವಸತಿ ಮತ್ತು ಸಮವಸ್ತ್ರವನ್ನು ಆಸ್ಪತ್ರೆಯೇ ಒದಗಿಸುತ್ತಿತ್ತು. ಸಂಬಳ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಅನೇಕ ಆಸ್ಪತ್ರೆಗಳು ವಿವಾಹಿತರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದವು. ಹಗಲಿನ ಕೆಲಸದ ಜೊತೆಗೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಪಾಳಿ ಮಾಡುವುದು ಸಾಮಾನ್ಯವಾಗಿತ್ತು. ರಕ್ತ, ಮೂತ್ರಗಳ ಪರೀಕ್ಷೆಯನ್ನೂ ಸೂಕ್ಷ್ಮದರ್ಶಕದ ಕೆಲಸವನ್ನೂ ಬಹುಮಟ್ಟಿಗೆ ಅವರೇ ಮಾಡಬೇಕಾಗಿತ್ತು.

ಯಂತ್ರಗಳು ವಿರಳವಾಗಿದ್ದುದರಿಂದ ಕಣ್ಣು, ಕಿವಿ ಮತ್ತು ಬೆರಳುಗಳೇ ರೋಗಪತ್ತೆಯ ಸಾಧನಗಳಾಗಿದ್ದವು. ಜಾನ್ಸ್ ಹಾಪ್ಕಿನ್ಸ್‌ನ ಹ್ಯಾರಿಯಟ್ ಲೇನ್ ಮಕ್ಕಳ ವಿಭಾಗದಲ್ಲಿ ಹೃದ್ರೋಗ ಚಿಕಿತ್ಸಾಲಯವನ್ನು ನಡೆಸಿದ ಹೆಲೆನ್ ಟಾಸಿಗ್ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದರೂ, ಮಕ್ಕಳ ಎದೆಯ ಮೇಲೆ ಕೈಯಿಟ್ಟು ಹೃದಯದ ಬಡಿತವನ್ನು ಅರಿಯುತ್ತಿದ್ದರು. ಇದೇ ವಿಭಾಗದ ನಿವಾಸಿ ವೈದ್ಯರು 1950ರ ಸುಮಾರಿಗೆ ತಮ್ಮ ಬಳಕೆಗೆಂದು ಸಿದ್ಧಪಡಿಸಿದ ಕಿರುಹೊತ್ತಗೆಯು ಮುಂದೆ 'ಹ್ಯಾರಿಯಟ್ ಲೇನ್ ಹ್ಯಾಂಡ್‌ಬುಕ್' ಎಂದು ಪ್ರಸಿದ್ಧವಾಯಿತು.

ರೋಗಗಳು

ಗಂಟಲಮಾರಿ, ನಾಯಿಕೆಮ್ಮು, ದಡಾರ, ಕ್ಷಯ ಮತ್ತು ಮಿದುಳುಪೊರೆಯ ಉರಿಯೂತಗಳು ವಾರ್ಡಿನ ನಿತ್ಯದ ಪಾಠಗಳಾಗಿದ್ದವು. 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಪೋಲಿಯೊ ಪ್ರಕರಣಗಳು ವರದಿಯಾದವು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳನ್ನು 'ಕಬ್ಬಿಣದ ಶ್ವಾಸಕೋಶ' ಎಂಬ ಯಂತ್ರದಲ್ಲಿ ಮಲಗಿಸಿ ಹಗಲಿರುಳು ಕಾಯಬೇಕಾಗುತ್ತಿತ್ತು. ರಕ್ತದ ಕ್ಯಾನ್ಸರಿಗೆ ಔಷಧವಿರಲಿಲ್ಲ. 1948ರಲ್ಲಿ ಸಿಡ್ನಿ ಫಾರ್ಬರ್ ತಾತ್ಕಾಲಿಕ ಉಪಶಮನವನ್ನು ವರದಿ ಮಾಡಿದರು. ಹೀಗಾಗಿ ಮಗುವಿನ ಮರಣವನ್ನು ತಂದೆತಾಯಿಗಳಿಗೆ ತಿಳಿಸುವುದು ತರುಣ ವೈದ್ಯರು ಬಹುಬೇಗ ಎದುರಿಸಬೇಕಾದ ಕರ್ತವ್ಯವಾಗಿತ್ತು.

ಹೆತ್ತವರ ಸ್ಥಾನ

ಸೋಂಕಿನ ಭಯದಿಂದಲೂ ಶಿಸ್ತಿನ ಹೆಸರಿನಲ್ಲಿಯೂ ಅನೇಕ ಆಸ್ಪತ್ರೆಗಳು ಹೆತ್ತವರ ಭೇಟಿಯನ್ನು ವಾರಕ್ಕೆ ಕೆಲವೇ ಗಂಟೆಗಳಿಗೆ ಸೀಮಿತಗೊಳಿಸಿದ್ದವು. ತಾಯಿ ಹೋದ ಮೇಲೆ ಅತ್ತು ಸುಮ್ಮನಾದ ಮಗುವನ್ನು 'ಹೊಂದಿಕೊಂಡಿದೆ' ಎಂದೇ ಭಾವಿಸಲಾಗುತ್ತಿತ್ತು. ಆ ಮೌನ ಹೊಂದಾಣಿಕೆಯಲ್ಲ, ಹತಾಶೆ ಎಂಬುದನ್ನು ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್ 1952ರ ತಮ್ಮ ಚಲನಚಿತ್ರದ ಮೂಲಕ ತೋರಿಸಿದರು. ಮುಂದಿನ ದಶಕಗಳಲ್ಲಿ ಭೇಟಿಯ ನಿಯಮಗಳು ಸಡಿಲಗೊಂಡು, ಹೆತ್ತವರೂ ಆರೈಕೆಯ ಪಾಲುದಾರರೆಂಬ ಪಾಠವು ತರಬೇತಿಯಲ್ಲಿ ಸೇರಿತು.

ಬದಲಾವಣೆ

ಪೆನಿಸಿಲಿನ್, 1955ರ ಪೋಲಿಯೊ ಲಸಿಕೆ ಮತ್ತು 1963ರ ದಡಾರ ಲಸಿಕೆಗಳು ವಾರ್ಡಿನ ಸ್ವರೂಪವನ್ನೇ ಬದಲಿಸಿದವು. ಆದರೆ ದೀರ್ಘ ದುಡಿಮೆ ಹಾಗೆಯೇ ಮುಂದುವರಿಯಿತು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಲಿಬ್ಬಿ ಜಿಯಾನ್ ಮರಣ ಹೊಂದಿದ ಬಳಿಕ, ದಣಿದ ವೈದ್ಯರಿಂದ ರೋಗಿಗಳಿಗಾಗುವ ಅಪಾಯ ಸಾರ್ವಜನಿಕ ಚರ್ಚೆಗೆ ಬಂತು. 1989ರಲ್ಲಿ ಆ ರಾಜ್ಯವೂ 2003ರಲ್ಲಿ ರಾಷ್ಟ್ರಮಟ್ಟದ ಮಾನ್ಯತಾ ಮಂಡಳಿಯೂ ವಾರಕ್ಕೆ 80 ಗಂಟೆಗಳ ಮಿತಿಯನ್ನು ವಿಧಿಸಿದವು.

ಒಂದೇ ಮಗುವಿನ ಕಾಯಿಲೆಯನ್ನು ಆರಂಭದಿಂದ ಕೊನೆಯವರೆಗೆ ನೋಡುವ ಅವಕಾಶ ಇದರಿಂದ ಕುಗ್ಗಿತೆಂದು ಕೆಲವರ ವಾದ. ನಿದ್ರೆಗೆಟ್ಟವರ ಕೈಯಲ್ಲಿ ಮಗು ಸುರಕ್ಷಿತವಲ್ಲವೆಂದು ಇನ್ನು ಕೆಲವರ ಉತ್ತರ. ತರಬೇತಿಯಲ್ಲಿರುವ ವೈದ್ಯರು ಇಂದು ಆಸ್ಪತ್ರೆಯಲ್ಲಿ ವಾಸಿಸುವುದಿಲ್ಲವಾದರೂ 'ರೆಸಿಡೆಂಟ್' ಎಂಬ ಹೆಸರು ಉಳಿದುಕೊಂಡಿದೆ.