ಆನರ್ಸ್ ಪದವಿ: ಶೃಂಗೇರಿ ಸೀಮೆ

ಆನರ್ಸ್ ಎಂದರೆ ಮೂರು ವರ್ಷದ ಪದವಿಯ ಮೇಲೆ ಒಂದೇ ಮುಖ್ಯ ವಿಷಯವನ್ನು ಆಳವಾಗಿ ಓದುವ ನಾಲ್ಕನೆಯ ವರ್ಷ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದ ಪದವಿ ಕಾಲೇಜುಗಳಿಗೆ ಬಂತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬುದು ಆಗಿನ ವ್ಯವಸ್ಥೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್, ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ಸಂಶೋಧನಾ ಪ್ರಬಂಧವಿರುವ ಆನರ್ಸ್ ಆಯ್ದುಕೊಳ್ಳಬಹುದು. ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿಗೂ ಅವಕಾಶವಿದೆ. ಬಡ ಮನೆಯ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಆದರೆ ದೂರದ ಹಳ್ಳಿಗಳಿಗೆ ಈ ಲಾಭ ಸುಲಭವಲ್ಲ. ಕುದುರೆಮುಖ ಕಾಡಿನ ನಡುವಿನ ಕೆರೆಕಟ್ಟೆಯಿಂದ ಪದವಿಗೆ ಹತ್ತಿರದ ಊರು ಶೃಂಗೇರಿ. ಅಲ್ಲಿನ ಜೆಸಿಬಿಎಂ ಕಾಲೇಜು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ (ಸ್ಥಾಪನೆ 1987) ಸೇರಿದೆ. ಮಳೆಗಾಲದಲ್ಲಿ ಕಾರ್ಕಳ ರಸ್ತೆಗೆ ಮರ ಉರುಳಿದರೆ ಬಸ್ಸೂ ಇಲ್ಲ, ಅಂದಿನ ತರಗತಿಯೂ ಇಲ್ಲ. ಇಂಥ ಕಡೆ ನಾಲ್ಕನೆಯ ವರ್ಷವೆಂದರೆ ಇನ್ನೊಂದು ವರ್ಷದ ಬಸ್ ಪಾಸು ಅಥವಾ ಹಾಸ್ಟೆಲ್ ಖರ್ಚು. ಬೆರಳೆಣಿಕೆಯ ವಿದ್ಯಾರ್ಥಿಗಳಿಗಾಗಿ ಪ್ರತಿ ವಿಷಯಕ್ಕೂ ಅಧ್ಯಾಪಕರನ್ನು ಒದಗಿಸುವುದು ಗ್ರಾಮೀಣ ಕಾಲೇಜಿಗೂ ಕಷ್ಟ. ಯೋಜನೆಯ ದುರ್ಬಲ ಕೊಂಡಿ ಇದೇ ಆಗಿತ್ತು.

ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. 2021-22ರಿಂದ 2023-24ರವರೆಗೆ ಸೇರಿದವರಿಗೆ ಮಾತ್ರ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು.