ಪಂಕ್ತಿಯಲ್ಲಿ ಕುಳಿತವನ ಹಸಿವು

1929ರಲ್ಲಿ ಜರ್ಮನಿಯ ಬೇಯರ್ ಎಂಬ ಸಂಶೋಧಕರು ಒಂದು ಕೋಳಿಯ ಮುಂದೆ ಕಾಳಿನ ರಾಶಿ ಹಾಕಿ, ಅದು ಸಾಕೆನಿಸುವಷ್ಟು ತಿಂದು ನಿಲ್ಲಿಸುವವರೆಗೂ ಕಾದರು. ಅನಂತರ ಹಸಿದ ಇನ್ನೊಂದು ಕೋಳಿಯನ್ನು ಒಳಗೆ ಬಿಟ್ಟರು. ಹೊಸದು ಕಾಳು ಹೆಕ್ಕತೊಡಗಿದ್ದೇ ತಡ, ಹೊಟ್ಟೆ ತುಂಬಿದ್ದ ಮೊದಲನೆಯದೂ ಮತ್ತೆ ತಿನ್ನತೊಡಗಿತು. ಕಾಳು ಮೊದಲಿನಿಂದಲೂ ಎದುರಿಗೇ ಇತ್ತು, ಇಲ್ಲದಿದ್ದುದು ಜೊತೆ.

ಮನುಷ್ಯರ ನಿತ್ಯದ ಊಟದಲ್ಲಿ ಇದನ್ನು ಅಳೆದು ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ. 63 ಮಂದಿ ವಯಸ್ಕರು ತಾವು ಏನು, ಯಾವಾಗ, ಎಲ್ಲಿ, ಎಷ್ಟು ಜನರೊಡನೆ ತಿಂದೆವೆಂದು ಏಳು ದಿನ ದಿನಚರಿ ಬರೆದರು. 1989ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೊತೆಯವರೊಡನೆ ಮಾಡಿದ ಊಟ ಒಂಟಿ ಊಟಕ್ಕಿಂತ ಶೇಕಡ 44ರಷ್ಟು ಹೆಚ್ಚಾಗಿತ್ತು. ದಿನಚರಿಯಲ್ಲಿ ಎಲ್ಲರೂ ಸತ್ಯವನ್ನೇ ಬರೆಯುತ್ತಾರೆಯೇ? ನಿಮ್ಮ ದಿನಚರಿಗಳನ್ನು ತಿದ್ದಿದ ನನಗೂ ಆ ಸಂಶಯವುಂಟು. ಆದರೆ ಸುಳ್ಳು ಬರೆಯುವವನು ಒಂಟಿಯಾಗಿ ತಿಂದಾಗಲೂ ಸುಳ್ಳೇ ಬರೆಯುತ್ತಾನಲ್ಲ!

ಜನ ಹೆಚ್ಚಿದಂತೆ ಊಟದ ಹೊತ್ತು ಬೆಳೆಯುತ್ತದೆ ಎಂಬುದು ಡಿ ಕ್ಯಾಸ್ಟ್ರೊ ಅವರು ಕೊಟ್ಟ ಕಾರಣ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಕ್ತಿ ಏಳುವ ತನಕ ನಾವೊಬ್ಬರೇ ಏಳುವಂತಿಲ್ಲ. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಎರಡನೆಯ ಸುತ್ತು ಬಂದಿರುತ್ತಾರೆ.

ಹಾಗೆಂದು ಜೊತೆಯಿದ್ದಾಗಲೆಲ್ಲ ಊಟ ಹೆಚ್ಚುವುದಿಲ್ಲ. 1991ರಲ್ಲಿ ಗೋಲ್ಡ್‌ಮನ್, ಹರ್ಮನ್ ಮತ್ತು ಪೊಲಿವಿ ಪ್ರಕಟಿಸಿದ ಪ್ರಯೋಗ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅದರಲ್ಲಿ ಜೊತೆಗೆ ಕುಳಿತವರು ಗುಟ್ಟಾಗಿ ಸಂಶೋಧಕರ ಕಡೆಯವರು. ಅವರು ಅಲ್ಪವಾಗಿ ತಿಂದರೆ, 24 ಗಂಟೆ ಉಪವಾಸವಿದ್ದವರೂ ಕೈ ಬಿಗಿಹಿಡಿದರು. ಹಸಿವಿಗಿಂತ ಎದುರಿನವರ ಅಳತೆಯೇ ಮೇಲಾಯಿತು.

ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿ “ಒಬ್ಬಳಿಗೇನು ಅಡುಗೆ” ಎಂದು ಎರಡು ಹೊತ್ತನ್ನೂ ಮಜ್ಜಿಗೆ ಅನ್ನದಲ್ಲೇ ಮುಗಿಸುತ್ತಿದ್ದರು. ಸೊರಗಿದ್ದನ್ನು ಕಂಡು ನೆರೆಯವರು ಟಾನಿಕ್ಕು ಸೂಚಿಸಿದರು. ರಜೆಗೆ ಮೊಮ್ಮಕ್ಕಳು ಬಂದರೆ ಅದೇ ತಾಯಿ ಎರಡನೆಯ ಸಲವೂ ಸಾರನ್ನ ಕಲಸಿಕೊಳ್ಳುತ್ತಿದ್ದರು. ಮನೆಯಿಂದ ಹೊರಬರಲಾಗದ ವೃದ್ಧರನ್ನು ಕುರಿತು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಯಾರಾದರೂ ಜೊತೆಗಿದ್ದರೆ ಅವರು ಒಂದು ಊಟಕ್ಕೆ ಸರಾಸರಿ 114 ಕ್ಯಾಲೊರಿ ಹೆಚ್ಚು ಸೇವಿಸುತ್ತಿದ್ದರು. ಹೆಚ್ಚುಕಡಿಮೆ ಒಂದು ಚಪಾತಿಯ ಲೆಕ್ಕ. ವಯಸ್ಸಾದ ಜೀವಕ್ಕೆ ಅದು ಸಣ್ಣದಲ್ಲ.

ಹಿರಿಯರನ್ನು ನೋಡಲು ಹೋದವರಲ್ಲಿ ಹಲವರು ಸಂಕೋಚದಿಂದ “ಊಟ ಮುಗಿಸಿಯೇ ಬಂದೆ” ಎನ್ನುವುದುಂಟು. ನನ್ನ ಎಣಿಕೆಯಲ್ಲಿ ಆ ಒಂದು ಮಾತಿಗೆ ಇಬ್ಬರ ಊಟ ತಪ್ಪುತ್ತದೆ. ಈ ಸಲ ಊರಿನ ಅಜ್ಜಿಯ ಮನೆಗೆ ಹಸಿದುಕೊಂಡೇ ಹೋಗಿ. ನನ್ನಲ್ಲಿಗೆ ಬರುವವರಿಗೂ ಇದೇ ಸೂಚನೆ. ಹಿಂದಿನ ದಿನ ಫೋನ್ ಮಾಡಿದರೆ ಅಕ್ಕಿ ಹೆಚ್ಚು ಹಾಕಲು ಅನುಕೂಲ.