ಹಲ್ಲಿನ ಚಿಕಿತ್ಸೆಯ ಭಯಕ್ಕೂ ಕುತ್ತಿಗೆ ನೋವಿಗೂ ಇದೆ ನಂಟು: ಸರದಿಗಾಗಿ ಕಾಯುವವರು ತಿಳಿಯಬೇಕಾದ ವಿಷಯಗಳಿವು

ಹಲ್ಲು ಕೀಳಿಸಬೇಕು ಅಥವಾ ರೂಟ್ ಕೆನಾಲ್ ಮಾಡಿಸಬೇಕು ಎಂದು ಡಾಕ್ಟರ್ ಹೇಳಿದ ಕೂಡಲೇ ಹಲವರಿಗೆ ಭಯ ಶುರುವಾಗುತ್ತದೆ. ಕ್ಲಿನಿಕ್‌ನಲ್ಲಿ ಸರದಿಗಾಗಿ ಕೂತಾಗ ಭುಜ, ಕುತ್ತಿಗೆ ಬಿಗಿಯಾಗುವುದೂ ಉಂಟು. ಈ ಎರಡಕ್ಕೂ ಸಂಬಂಧವಿದೆ.

ನೋವು ಬರುವುದು ಹೇಗೆ?
ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿ, ಸ್ನಾಯುಗಳು ಬಿಗಿಯಾಗುತ್ತವೆ. ನಮಗೆ ಗೊತ್ತಿಲ್ಲದೆಯೇ ಹಲ್ಲು ಕಚ್ಚಿ ಹಿಡಿಯುತ್ತೇವೆ, ಭುಜ ಮೇಲೆತ್ತಿ ಕೂರುತ್ತೇವೆ. ದವಡೆ ಹಾಗೂ ಮುಖದ ಟ್ರೈಜೆಮಿನಲ್ ನರ ಮತ್ತು ಕುತ್ತಿಗೆಯ ಮೇಲ್ಭಾಗದ ನರಗಳ ಸಂದೇಶಗಳು ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಸೇರುತ್ತವೆ. ಹೀಗಾಗಿ ದವಡೆಯ ನೋವು ಕುತ್ತಿಗೆಯಲ್ಲಿ, ಕುತ್ತಿಗೆಯ ನೋವು ದವಡೆಯಲ್ಲಿ ಕಾಣಿಸಿಕೊಳ್ಳಬಹುದು.

ಲೋಕಲ್ ರೈಲಿನ ಪಾಲೂ ಇದೆ
ಕಲ್ಯಾಣ್‌ನಿಂದ ಮುಂಬೈ ಸಿಎಸ್‌ಎಂಟಿಗೆ ಸುಮಾರು 54 ಕಿ.ಮೀ. ಡೊಂಬಿವಲಿ, ಠಾಣೆಯ ಕನ್ನಡಿಗರೂ ಸೇರಿದಂತೆ ಲಕ್ಷಾಂತರ ಜನ ನಿತ್ಯ ನೂಕುನುಗ್ಗಲಿನಲ್ಲಿ ನಿಂತು, ತಲೆ ತಗ್ಗಿಸಿ ಮೊಬೈಲ್ ನೋಡುತ್ತಾ ಪ್ರಯಾಣಿಸುತ್ತಾರೆ. ಮೊದಲೇ ದಣಿದ ಕುತ್ತಿಗೆಗೆ ಭಯವೂ ಸೇರಿದರೆ ನೋವು ಹೆಚ್ಚುತ್ತದೆ.

ಭಯ ಅಳೆಯುವುದು ಹೇಗೆ?
1969ರಲ್ಲಿ ನಾರ್ಮನ್ ಕೋರಾ 4 ಪ್ರಶ್ನೆಗಳ ಮಾಪಕ ರೂಪಿಸಿದರು. 1995ರಲ್ಲಿ ಅದಕ್ಕೆ ಇಂಜೆಕ್ಷನ್ ಕುರಿತ ಪ್ರಶ್ನೆ ಸೇರಿ 5 ಪ್ರಶ್ನೆಗಳಾದವು. ಒಟ್ಟು ಅಂಕ 5ರಿಂದ 25. 19 ಅಥವಾ ಹೆಚ್ಚು ಬಂದರೆ ತೀವ್ರ ಭಯ ಎಂದರ್ಥ. ಕಾಯುವ ಕೋಣೆಯಲ್ಲಿ ಹೇಗನಿಸುತ್ತದೆ ಎಂಬುದೂ ಇದರಲ್ಲಿ ಒಂದು ಪ್ರಶ್ನೆ.

ಏನು ಮಾಡಬೇಕು?
* ಭಯವಿದೆ ಎಂದು ಡಾಕ್ಟರ್‌ಗೆ ಮೊದಲೇ ಹೇಳಿ. ಕೈ ಎತ್ತಿದರೆ ನಿಲ್ಲಿಸುವಂತೆ ಮಾತಾಡಿಕೊಳ್ಳಿ.
* ಬೆಳಗಿನ ಸಮಯ ಕೇಳಿ ಪಡೆಯಿರಿ. ದಿನವಿಡೀ ಯೋಚಿಸುವುದು ತಪ್ಪುತ್ತದೆ.
* ಕಾಯುವಾಗ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಅಂತರವಿರಲಿ. ಭುಜ ಇಳಿಬಿಟ್ಟು ನಿಧಾನವಾಗಿ ಉಸಿರು ಬಿಡಿ.
* ಕುತ್ತಿಗೆ ನೋವಿದ್ದರೆ ತಿಳಿಸಿ. ಕುರ್ಚಿಯಲ್ಲಿ ಕುತ್ತಿಗೆಗೆ ಆಸರೆ ಕೊಡಬಹುದು, ನಡುವೆ ಬಿಡುವು ನೀಡಬಹುದು.
* ಖರ್ಚಿನ ಚಿಂತೆಯಿದ್ದರೆ ನವಿ ಮುಂಬೈನ ನೆರೂಲ್, ಕಾಮೋಠೆ, ಖಾರ್‌ಘರ್‌ನ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಶುಲ್ಕ ಕಡಿಮೆ, ಆದರೆ ಹೆಚ್ಚು ಬಾರಿ ಹೋಗಬೇಕಾಗಬಹುದು.

ಈ ಲಕ್ಷಣಗಳಿದ್ದರೆ ಕಾಯಬೇಡಿ
ಎಲ್ಲ ಕುತ್ತಿಗೆ ನೋವಿಗೂ ಭಯವೇ ಕಾರಣವಲ್ಲ. ಹಲ್ಲುನೋವಿನ ಜೊತೆ ಜ್ವರ, ದವಡೆ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಸೋಂಕು ಹರಡಿರಬಹುದು. ಇದು ಪ್ರಾಣಕ್ಕೇ ಕುತ್ತು ತರಬಲ್ಲದು. ನಡೆದಾಗ ದವಡೆ, ಕುತ್ತಿಗೆ ನೋವು, ಜೊತೆಗೆ ಬೆವರು, ಎದೆ ಬಿಗಿತ ಕಂಡರೆ ಅದು ಹೃದಯದ ತೊಂದರೆ ಇರಬಹುದು. ಎರಡರಲ್ಲೂ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಸಿಗುತ್ತದೆ.

ಭಯಪಟ್ಟು ಚಿಕಿತ್ಸೆ ಮುಂದೂಡಿದರೆ ಸಣ್ಣ ಹುಳುಕು ದೊಡ್ಡದಾಗುತ್ತದೆ. ಫಿಲ್ಲಿಂಗ್‌ನಲ್ಲಿ ಮುಗಿಯುವ ಕೆಲಸ ರೂಟ್ ಕೆನಾಲ್‌ಗೆ ಹೋಗುತ್ತದೆ, ನೋವಿನ ಜೊತೆ ಖರ್ಚೂ ಏರುತ್ತದೆ.